ಸೇಬಿನ ಮರದ ನೇರಳೆ ನೆರಳು

ಆ ಸೇಬಿನ ಮರದ ಬುಡದಲ್ಲಿ ಹರಡಿಕೊಂಡ ನೆರಳಿನಲ್ಲಿ ಕಪ್ಪು ಎಂಬುದೇ ಇಲ್ಲ. ನೀಲಿ ಇದೆ, ನೇರಳೆ ಇದೆ, ಅಲ್ಲಲ್ಲಿ ತಿಳಿಗೆಂಪು, ನಡುನಡುವೆ ಹಸಿರು, ಹುಡುಕಿದರೆ ಕಿತ್ತಳೆಯೂ ಸಿಗುತ್ತದೆ. ಎಲ್ಲವೂ ಕುಂಚದ ತುದಿಯಿಂದ ಒಂದೊಂದಾಗಿ ಇಟ್ಟ ಪುಟ್ಟ ಪುಟ್ಟ ಗುರುತುಗಳು. ಹತ್ತಿರ ನಿಂತರೆ ಬಣ್ಣದ ಚುಕ್ಕಿಗಳ ದಟ್ಟಣೆ. ಹಿಂದೆ ಸರಿದರೆ ಬಿಸಿಲ ನಡುವೆ ತಣ್ಣಗೆ ಬಿದ್ದಿರುವ ಮರದ ನೆರಳು. ಗಂಡಸೊಬ್ಬ ಉದ್ದನೆಯ ಗಳ ಎತ್ತಿ ಕೊಂಬೆ ಬಡಿಯುತ್ತಿದ್ದಾನೆ. ಹೆಂಗಸರು ಬಗ್ಗಿ ಉದುರಿದ ಹಣ್ಣು ಆಯುತ್ತಿದ್ದಾರೆ. ಬುಟ್ಟಿಗಳಿವೆ. ಹಿಂದೆ ಬಿಸಿಲಿಗೆ ಹೊಳೆಯುವ ಹೊಲಗಳು, ಮೇಲ್ತುದಿಯಲ್ಲಿ ತುಸುವೇ ಆಕಾಶ.

ಇದು ಕಮೀಯ್ ಪಿಸಾರೊ 1888ರಲ್ಲಿ ಬರೆದ ‘ಸೇಬಿನ ಸುಗ್ಗಿ’. 61 ಸೆಂಟಿಮೀಟರ್ ಎತ್ತರ, 74 ಸೆಂಟಿಮೀಟರ್ ಅಗಲ, ಇಷ್ಟೇ. ಅಮೆರಿಕದ ಡಲ್ಲಾಸ್ ಕಲಾ ಸಂಗ್ರಹಾಲಯದಲ್ಲಿದೆ. ಪಾಯಿಂಟಿಲಿಸಂ ಎಂದು ಹೆಸರಾದ ಚುಕ್ಕಿಗಳ ಶೈಲಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಜಾರ್ಜ್ ಸ್ಯೂರಾ, ಮತ್ತು ಅವನ ‘ಗ್ರಾಂದ್ ಜಾತ್’ ದ್ವೀಪದಲ್ಲಿ ಭಾನುವಾರ ಕಳೆಯಲು ಬಂದ ಪ್ಯಾರಿಸ್ಸಿನ ಜನ. ಅದು ಪಟ್ಟಣದವರ ಬಿಡುವಿನ ಚಿತ್ರ. ಹಳ್ಳಿಯ ಬಯಲನ್ನೂ ಹಳ್ಳಿಯವರ ದುಡಿಮೆಯನ್ನೂ ಈ ಚುಕ್ಕಿಗಳಲ್ಲಿ ಹಿಡಿದವನು ಪಿಸಾರೊ. ಕಲಾ ಚರಿತ್ರೆ ಬರೆಯುವವರಲ್ಲಿ ಅನೇಕರು ಅವನ ಬದುಕಿನ ಈ ನಾಲ್ಕೈದು ವರ್ಷಗಳನ್ನು ದಾರಿ ತಪ್ಪಿದ ಕಾಲವೆಂಬಂತೆ ಬೇಗ ದಾಟಿಬಿಡುತ್ತಾರೆ. ಇಳಿವಯಸ್ಸಿನ ಹಿರಿಯನೊಬ್ಬ ಹುಡುಗರ ವಿಜ್ಞಾನಕ್ಕೆ ಮರುಳಾದ, ಆಮೇಲೆ ತಿಳಿದು ಹಿಂತಿರುಗಿದ ಎಂದು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಪಿಸಾರೊ ಬರೆದ ಹಳ್ಳಿಯ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವವು ಈ ವರ್ಷಗಳವೇ, ಮತ್ತು ಅವು ಗಟ್ಟಿಯಾದದ್ದು ಆ ನಿಧಾನದ, ಕಷ್ಟದ, ಮನೆಯವರನ್ನು ಹಣ್ಣು ಮಾಡಿದ ವಿಧಾನದಿಂದಲೇ.

ಪ್ಯಾರಿಸ್ಸಿನಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಜಿಸೋರ್ ಪಟ್ಟಣ; ಅದರ ಮಗ್ಗುಲಲ್ಲೇ ಎರಾನಿ. ನಡುವೆ ಹರಿಯುವುದು ಎಪ್ಟ್ ಎಂಬ ಸಣ್ಣ ಹೊಳೆ. ಆಚೆ ದಡದಲ್ಲಿ ಬಾಜಾಂಕೂರ್ ಎಂಬ ಊರು, ಅದರ ಚರ್ಚಿನ ಗೋಪುರ. ಇದೇ ಹೊಳೆ ಇನ್ನಷ್ಟು ಕೆಳಗೆ ಜಿವೆರ್ನಿಯನ್ನು ಹಾಯುತ್ತದೆ. ಕ್ಲೋದ್ ಮೊನೆ ಮುಂದೆ ತನ್ನ ಪ್ರಸಿದ್ಧ ನೈದಿಲೆ ಕೊಳಕ್ಕೆ ನೀರು ತಂದುಕೊಂಡದ್ದು ಈ ಎಪ್ಟ್‌ನ ಒಂದು ಕವಲಿನಿಂದಲೇ. ಗೆಳೆಯರಿಬ್ಬರೂ ಒಂದೇ ಹೊಳೆಯ ದಂಡೆಯಲ್ಲಿ ನೆಲೆಸಿದ್ದರು. ಮೊನೆ ಹೂವಿನ ತೋಟ ಬೆಳೆಸಿದ, ಪಿಸಾರೊನ ಮನೆಯವರು ತರಕಾರಿ ಬೆಳೆದರು.

ಪಿಸಾರೊ ಇಲ್ಲಿಗೆ ಬಾಡಿಗೆಗೆ ಬಂದದ್ದು 1884ರಲ್ಲಿ. ಆಗ ಅವನಿಗೆ 54 ವರ್ಷ ಸಮೀಪಿಸಿತ್ತು. ಹುಟ್ಟಿದ್ದು 1830ರಲ್ಲಿ, ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ. ಆಗ ಅದು ಡೆನ್ಮಾರ್ಕಿನ ವಸಾಹತು. ಯಹೂದಿ ವ್ಯಾಪಾರಿ ಮನೆತನದ ಮಗ. ಫ್ರಾನ್ಸಿನಲ್ಲಿ ಬಾಳಿ ಫ್ರೆಂಚ್ ನೆಲವನ್ನೇ ಬರೆದರೂ ಕೊನೆಯವರೆಗೆ ಡೆನ್ಮಾರ್ಕಿನ ಪ್ರಜೆಯಾಗಿಯೇ ಉಳಿದ. ಹೆಂಡತಿ ಜೂಲಿ ಬರ್ಗಂಡಿ ಸೀಮೆಯ ದ್ರಾಕ್ಷಿ ಬೆಳೆಗಾರರ ಮನೆಯ ಹೆಣ್ಣು. ಪಿಸಾರೊನ ತಾಯಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಆ ಮದುವೆಗೆ ತಾಯಿಯ ಮನಸ್ಸು ಒಪ್ಪಿರಲಿಲ್ಲ. ಅವರು ವಿಧ್ಯುಕ್ತವಾಗಿ ಮದುವೆಯಾದದ್ದು 1871ರಲ್ಲಿ, ಫ್ರಾನ್ಸ್ ಪ್ರಷ್ಯಾ ಯುದ್ಧದ ಕಾಲಕ್ಕೆ ಲಂಡನ್ನಿಗೆ ಓಡಿಹೋಗಿದ್ದಾಗ. ಎರಾನಿಗೆ ಬಂದ ವರ್ಷವೇ ಕೊನೆಯ ಮಗ ಹುಟ್ಟಿದ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಕೋಳಿ, ಮೊಲ, ತರಕಾರಿ ಮಡಿಗಳನ್ನು ನಂಬಿ ಆ ಸಂಸಾರವನ್ನು ಜೂಲಿ ದಡ ಸೇರಿಸಿದಳು. ಪಿಸಾರೊನ ಚಿತ್ರಗಳಲ್ಲಿ ಬಗ್ಗಿ ದುಡಿಯುವ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಆ ದುಡಿಮೆಯನ್ನು ಅವನು ದೂರದಿಂದ ಬಂದ ಪ್ರವಾಸಿಯಾಗಿ ನೋಡಿದವನಲ್ಲ, ಅದರ ಅನ್ನ ಉಂಡವನು.

1885ರ ಹೊತ್ತಿಗೆ ಅವನಿಗೆ ತನ್ನದೇ ಚಿತ್ರಗಳ ಬಗ್ಗೆ ಬೇಸರ ಬಂದಿತ್ತು. ಇಂಪ್ರೆಶನಿಸ್ಟರು 1874ರಿಂದ 1886ರವರೆಗೆ ನಡೆಸಿದ ಎಂಟು ಪ್ರದರ್ಶನಗಳಲ್ಲಿ ಎಂಟರಲ್ಲೂ ಚಿತ್ರ ಇಟ್ಟವನು ಇವನೊಬ್ಬನೇ. ಆ ಗುಂಪಿನ ಹಿರಿಯ. ಸೆಜಾನ್, ಗೋಗ್ಯಾಂ ಅಂಥವರಿಗೆ ಕೈಹಿಡಿದು ದಾರಿ ತೋರಿದವನು. ಅಂಥವನಿಗೆ ತನ್ನ ಬಣ್ಣಗಳು ಕಲಸಿಹೋಗಿವೆ, ಕುಂಚದ ಬೀಸು ಒರಟಾಗಿದೆ ಎನಿಸತೊಡಗಿತ್ತು. ಅದೇ ವರ್ಷ ಅವನಿಗೆ ಪಾಲ್ ಸಿನ್ಯಾಕ್‌ನ ಪರಿಚಯವಾಯಿತು, ಅವನ ಮೂಲಕ ಸ್ಯೂರಾನದು. ಸಿನ್ಯಾಕ್‌ಗೆ ಆಗ ಸುಮಾರು 22ರ ಹರೆಯ, ಸ್ಯೂರಾಗೆ ಸುಮಾರು 26. ಪಿಸಾರೊನ ಹಿರಿಯ ಮಗ ಲ್ಯೂಸಿಯಾಂನ ಓರಗೆಯವರು. ಅವರ ಮುಂದೆ ಈ 55ರ ಮನುಷ್ಯ ಶಿಷ್ಯನಾಗಿ ಕೂತ.

1886ರ ನವೆಂಬರ್‌ನಲ್ಲಿ ತನ್ನ ಚಿತ್ರಗಳ ವ್ಯಾಪಾರಿ ಪಾಲ್ ಡ್ಯೂರಾಂ ರುಯೆಲ್‌ಗೆ ಅವನು ಬರೆದ ಕಾಗದ ಉಳಿದುಬಂದಿದೆ. ಹೊಸ ವಿಧಾನವನ್ನು ಅದರಲ್ಲಿ ವಿವರಿಸುತ್ತಾನೆ: ತಟ್ಟೆಯ ಮೇಲೆ ಬಣ್ಣ ಬೆರೆಸುವ ಬದಲು ನೋಡುವವರ ಕಣ್ಣಿನಲ್ಲಿ ಬೆರೆಯುವಂತೆ ಮಾಡುವುದು, ಒಂದು ಬಣ್ಣವನ್ನು ಅದರ ಘಟಕಗಳಾಗಿ ಒಡೆದು ಪಕ್ಕಪಕ್ಕದಲ್ಲಿಡುವುದು. ಶೆವ್ರಲ್, ಮ್ಯಾಕ್ಸ್‌ವೆಲ್, ರೂಡ್ ಎಂಬ ವಿಜ್ಞಾನಿಗಳ ಹೆಸರು ಹೇಳುತ್ತಾನೆ. ಅಲ್ಲಿಗೆ ನಿಲ್ಲುವುದಿಲ್ಲ. ಈ ವಿಚಾರ ಮೊದಲು ಹೊಳೆದದ್ದು ಸ್ಯೂರಾಗೆ, ನಾನು ಅವನ ಹಿಂದೆ ಹೋದವನು ಅಷ್ಟೇ ಎಂದು ಸ್ಪಷ್ಟವಾಗಿ ದಾಖಲಿಸುತ್ತಾನೆ. ತನ್ನ ಅರ್ಧ ವಯಸ್ಸಿನ ಹುಡುಗನಿಗೆ ಸಲ್ಲಬೇಕಾದುದನ್ನು ವ್ಯಾಪಾರಿಯ ಎದುರಿಗೂ ಸಲ್ಲಿಸಿದ ಆ ದೊಡ್ಡತನಕ್ಕೆ ನನ್ನ ಮನಸ್ಸು ಬಾಗುತ್ತದೆ.

ಆ ವಿಜ್ಞಾನದ ಬೇರು ಇರುವುದು ನೇಯ್ಗೆಯಲ್ಲಿ. ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ 1824ರಿಂದ ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ. ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳನ್ನು ನೇಯುವ ಹಳೆಯ ಸರ್ಕಾರಿ ಕಾರ್ಖಾನೆ ಅದು. ಅಲ್ಲಿನ ನೇಕಾರರು ಒಂದು ದೂರು ತಂದರು: ನೀಲಿ ಮತ್ತು ನೇರಳೆ ಬಟ್ಟೆಯ ಮಡಿಕೆಗಳಲ್ಲಿ ನೆರಳು ತೋರಿಸಲು ಬಳಸುವ ಕಪ್ಪು ನೂಲು ಸೊರಗಿದಂತೆ ಕಾಣುತ್ತದೆ, ಬಣ್ಣ ಹಾಕುವವರು ಸರಿಯಾಗಿ ಹಾಕುತ್ತಿಲ್ಲ. ಶೆವ್ರಲ್ ಬೇರೆ ಕಡೆಯ ಕಪ್ಪು ನೂಲನ್ನೂ ತರಿಸಿ ಹೋಲಿಸಿ ನೋಡಿದ. ನೂಲಿನಲ್ಲಿ ಕೊರತೆ ಇರಲಿಲ್ಲ. ನೆರೆಯ ನೀಲಿಯೇ ಆ ಕಪ್ಪನ್ನು ಸೊರಗಿಸುತ್ತಿತ್ತು. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ಬಣ್ಣಚಕ್ರದಲ್ಲಿ ತನಗೆ ಎದುರಾಗಿರುವ ಬಣ್ಣದತ್ತ ತಳ್ಳುತ್ತದೆ ಎಂಬುದನ್ನು ಅವನು ವರ್ಷಗಟ್ಟಲೆ ಪರೀಕ್ಷಿಸಿ 1839ರಲ್ಲಿ ಪುಸ್ತಕ ಮಾಡಿದ. ನೂರಾ ಎರಡು ವರ್ಷ ಬಾಳಿದ ಆತ, ಪಿಸಾರೊ ‘ಸೇಬಿನ ಸುಗ್ಗಿ’ ಬರೆಯುವಾಗಲೂ ಬದುಕಿದ್ದ.

ಪಕ್ಕದ ಬಣ್ಣ ಪ್ರಭಾವ ಬೀರುವುದು ಒಂದು ವಿಷಯ. ಎರಡು ಬಣ್ಣ ಸೇರಿ ಮೂರನೆಯದಾಗಿ ಕಾಣುವುದು ಇನ್ನೊಂದು. ಗುಳೇದಗುಡ್ಡದ ಖಣ ನೋಡಿದವರಿಗೆ ಎರಡನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ನೂಲಿಗೆ ಒಂದು ಬಣ್ಣ, ಹೊಕ್ಕಿನ ನೂಲಿಗೆ ಮತ್ತೊಂದು. ಕುಪ್ಪಸ ತೊಟ್ಟವಳು ತಿರುಗಿದಾಗ ಕೆಂಪಲ್ಲದ, ಹಸಿರೂ ಅಲ್ಲದ ಹೊಳಪೊಂದು ಮಿಂಚುತ್ತದೆ. ನೂಲುಗಳು ಒಂದರೊಳಗೊಂದು ಕರಗಿಲ್ಲ. ನಮ್ಮ ಕಣ್ಣು ಅವನ್ನು ಬೇರ್ಪಡಿಸಲಾರದೆ ಕೂಡಿಸಿಕೊಂಡಿದೆ. ಪಿಸಾರೊನ ಚುಕ್ಕಿಗಳು ಮಾಡುವುದೂ ಇದೇ ಕೆಲಸ.

ಆದರೆ ಚುಕ್ಕಿ ಚಿತ್ರಗಳ ಬಗ್ಗೆ ಸಾಮಾನ್ಯವಾಗಿ ಹೇಳುವ ಒಂದು ಮಾತು ತಪ್ಪು. ಹಳದಿ ಚುಕ್ಕಿ, ನೀಲಿ ಚುಕ್ಕಿ ಪಕ್ಕಪಕ್ಕ ಇಟ್ಟರೆ ದೂರದಿಂದ ಹಸಿರು ಕಾಣುತ್ತದೆ ಎನ್ನುತ್ತಾರೆ. ಕಾಣುವುದಿಲ್ಲ. ತಟ್ಟೆಯಲ್ಲಿ ಕಲಸಿದರೆ ಹಸಿರಾಗುವ ಅದೇ ಎರಡು ಬಣ್ಣ ಕಣ್ಣಿನಲ್ಲಿ ಕೂಡಿದಾಗ ಬೂದಿಯ ಕಡೆಗೆ ವಾಲುತ್ತವೆ. ಆದ್ದರಿಂದಲೇ ಪಿಸಾರೊನ ಹುಲ್ಲಿನಲ್ಲಿ ಹಸಿರು ಚುಕ್ಕಿಗಳೇ ಇವೆ. ಅದು ಹುಲ್ಲಿನ ಸ್ವಂತ ಬಣ್ಣ. ಅದರ ಮೇಲೆ ನೇರ ಬಿಸಿಲು ಬಿದ್ದದ್ದಕ್ಕೆ ಹಳದಿ, ಕಿತ್ತಳೆ. ಆಕಾಶ ಪ್ರತಿಫಲಿಸಿದ್ದಕ್ಕೆ ನೀಲಿ. ಬಿಸಿಲಿನ ಬಣ್ಣಕ್ಕೆ ಎದುರಾದದ್ದನ್ನು ಕಣ್ಣು ನೆರಳಿನಲ್ಲಿ ಕಾಣುತ್ತದೆಂಬ ಕಾರಣಕ್ಕೆ ನೇರಳೆ. ಒಂದು ಅಂಗೈಯಗಲದ ನೆಲಕ್ಕೆ ಈ ನಾಲ್ಕೂ ಲೆಕ್ಕಗಳನ್ನು ಹಾಕಿ, ಎಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ ಎಂದು ತೂಗಿ, ಚುಕ್ಕಿಯ ಮೇಲೆ ಚುಕ್ಕಿ ಇಡಬೇಕು. ನೆರಳು ಹತ್ತಿರ ಬಂದಂತೆ ಕಿತ್ತಳೆ ಕಡಿಮೆಯಾಗುತ್ತದೆ, ನೀಲಿ ನೇರಳೆಗಳು ಹೆಚ್ಚುತ್ತವೆ. ಬಿಸಿಲಿಗೂ ನೆರಳಿಗೂ ನಡುವೆ ಗೆರೆ ಎಳೆಯಬೇಕಾದ ಅಗತ್ಯವೇ ಬೀಳುವುದಿಲ್ಲ.

ಎಷ್ಟು ದೂರ ನಿಲ್ಲಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ಅಂತರವನ್ನು ಗುರುತಿಸಬಲ್ಲದು. ಮೂರು ಮಿಲಿಮೀಟರ್ ಅಗಲದ ಚುಕ್ಕಿ ಆ ಅಳತೆಗೆ ಇಳಿಯಬೇಕಾದರೆ ನಾವು ಸುಮಾರು ಹತ್ತು ಮೀಟರ್ ಹಿಂದೆ ಹೋಗಬೇಕು. ಮುಕ್ಕಾಲು ಮೀಟರ್ ಅಗಲದ ಚಿತ್ರವನ್ನು ಹತ್ತು ಮೀಟರ್ ದೂರದಿಂದ ಯಾರೂ ನೋಡುವುದಿಲ್ಲ. ಎರಡೋ ಮೂರೋ ಮೀಟರಿನಲ್ಲಿ ನಿಲ್ಲುತ್ತೇವೆ. ಅಲ್ಲಿ ಚುಕ್ಕಿಗಳು ಪೂರ್ತಿ ಬೆರೆತೂ ಇರುವುದಿಲ್ಲ, ಪೂರ್ತಿ ಬಿಡಿಯಾಗಿಯೂ ಇರುವುದಿಲ್ಲ. ಕಣ್ಣು ಬೆರೆಸಲು ಹೋಗುತ್ತದೆ, ಸೋಲುತ್ತದೆ, ಮತ್ತೆ ಯತ್ನಿಸುತ್ತದೆ. ಬಯಲಿನ ಮೇಲೆ ಬಿಸಿಲು ಅಲುಗಾಡಿದಂತೆ ತೋರುವುದು ಇದರಿಂದ. ಕೊಲಂಬಿಯಾ ಕಾಲೇಜಿನ ಭೌತವಿಜ್ಞಾನಿ ಆಗ್ಡನ್ ರೂಡ್ ಈ ಅರೆಬೆರಕೆಯ ಹೊಳಪಿನ ಬಗ್ಗೆ 1879ರಲ್ಲೇ ಬರೆದಿದ್ದ. ಅವನ ಪುಸ್ತಕ 1881ರಲ್ಲಿ ಫ್ರೆಂಚಿಗೆ ಬಂತು, ಸ್ಯೂರಾನ ಕೈ ಸೇರಿತು. ಆ ರೂಡ್‌ಗೆ, ತನ್ನ ಪುಸ್ತಕದಿಂದ ಹುಟ್ಟಿದ ಈ ಚಿತ್ರಗಳನ್ನು ಕಂಡಾಗ, ಕೊಂಚವೂ ಹಿಡಿಸಲಿಲ್ಲವೆಂದು ಚಿತ್ರಗಾರನಾಗಿದ್ದ ಅವನ ಮಗ ಬರೆದಿಟ್ಟಿದ್ದಾನೆ.

ಮೊಬೈಲ್ ಪರದೆಯಲ್ಲೋ ಪುಸ್ತಕದ ಪುಟದಲ್ಲೋ ನೋಡುವವರು ಕಳೆದುಕೊಳ್ಳುವುದು ಈ ಅಲುಗಾಟವನ್ನೇ. ಚಿತ್ರ ಅಂಗೈಯಷ್ಟಕ್ಕೆ ಕುಗ್ಗಿದಾಗ ಚುಕ್ಕಿಗಳು ಪೂರ್ತಿ ಕೂಡಿಕೊಂಡುಬಿಡುತ್ತವೆ. ಉಳಿಯುವುದು ಚೆಂದದ ಹಳ್ಳಿ ದೃಶ್ಯ ಮಾತ್ರ. ಸಂಗ್ರಹಾಲಯದವರು ಅಂತರ್ಜಾಲದಲ್ಲಿ ದೊಡ್ಡ ಅಳತೆಯ ಪ್ರತಿ ಇಟ್ಟಿದ್ದರೆ ಅದನ್ನು ಹಿಗ್ಗಿಸಿ, ಮೊದಲು ನೆರಳಿನ ಒಂದು ಮೂಲೆ ನೋಡಿ. ಅಲ್ಲಿಂದ ನಿಧಾನವಾಗಿ ಹೊರಗೆ ಬನ್ನಿ. ಎಲ್ಲ ಚುಕ್ಕಿಗಳೂ ದುಂಡಗಿಲ್ಲ ಎಂಬುದು ಆಗ ಕಾಣುತ್ತದೆ. ಕೆಲವು ಅಲ್ಪವಿರಾಮದ ಹಾಗೆ ಬಾಗಿವೆ, ಕೆಲವು ಅಡ್ಡಡ್ಡ ಹೊಲಿಗೆ ಹಾಕಿವೆ. ಯಂತ್ರದ ಕೈ ಎಂದು ಹೀಗಳೆದವರು ಇದನ್ನು ಗಮನಿಸಲಿಲ್ಲ.

1886ರ ಮೇ 15ರಂದು ಪ್ಯಾರಿಸ್ಸಿನ ಲಾಫಿತ್ ರಸ್ತೆಯ ಮನೆಯೊಂದರಲ್ಲಿ ಇಂಪ್ರೆಶನಿಸ್ಟರ ಎಂಟನೆಯ, ಕೊನೆಯ ಪ್ರದರ್ಶನ ತೆರೆಯಿತು. ಸ್ಯೂರಾ ಮತ್ತು ಸಿನ್ಯಾಕ್‌ರನ್ನು ಸೇರಿಸಿಕೊಳ್ಳಲೇಬೇಕೆಂದು ಪಿಸಾರೊ ಹಟ ಹಿಡಿದಿದ್ದ, ಅದಕ್ಕಾಗಿ ಜಗಳವನ್ನೂ ಆಡಿದ್ದ. ಮೊನೆ, ರೆನ್ವಾ, ಸಿಸ್ಲಿ ಆ ಸಲ ಬರಲಿಲ್ಲ. ಸ್ಯೂರಾ, ಸಿನ್ಯಾಕ್, ಪಿಸಾರೊ, ಮಗ ಲ್ಯೂಸಿಯಾಂ ನಾಲ್ವರಿಗೂ ಸೇರಿ ಒಂದು ಪ್ರತ್ಯೇಕ ಕೋಣೆ. ‘ಗ್ರಾಂದ್ ಜಾತ್’ ಅಲ್ಲೇ ಇತ್ತು. ಆ ಕೋಣೆಗೆ ಬಂದ ಐರಿಷ್ ಬರಹಗಾರ ಜಾರ್ಜ್ ಮೂರ್, ಯಾವುದು ಪಿಸಾರೊನದು ಯಾವುದು ಸ್ಯೂರಾನದು ಎಂದು ಮೊದಲ ನೋಟಕ್ಕೆ ತಿಳಿಯದೆ ತಬ್ಬಿಬ್ಬಾದ. ತರುಣ ವಿಮರ್ಶಕ ಫೆಲಿಕ್ಸ್ ಫೆನೆಯೋಂ ಮಾತ್ರ ಆ ಕೋಣೆಯನ್ನು ಅರ್ಥಮಾಡಿಕೊಂಡ, ಅದೇ ವರ್ಷ ಈ ಬಳಗಕ್ಕೆ ‘ನಿಯೋ ಇಂಪ್ರೆಶನಿಸ್ಟ್’ ಎಂಬ ಹೆಸರು ಕೊಟ್ಟ.

ಪಿಸಾರೊ ಆ ಪ್ರದರ್ಶನದಲ್ಲಿ ಇಟ್ಟದ್ದರಲ್ಲಿ ಇನ್ನೊಂದು ‘ಸೇಬು ಕೊಯ್ಲು’ ಇತ್ತು. ಡಲ್ಲಾಸಿನ ಚಿತ್ರಕ್ಕೆ ಇದು ಅಕ್ಕ. ಸುಮಾರು 126 ಸೆಂಟಿಮೀಟರಿನ ಚೌಕ. ಒಬ್ಬಳು ಮೇಲೆ ಕೈಯೆತ್ತಿ ಹಣ್ಣು ಉದುರಿಸುತ್ತಾಳೆ, ಒಬ್ಬಳು ಬಗ್ಗಿದ್ದಾಳೆ, ಮತ್ತೊಬ್ಬಳು ಕೆಳಗೆ ಕೂತು ಸೇಬು ತಿನ್ನುತ್ತಿದ್ದಾಳೆ. ಈಗ ಅದು ಜಪಾನಿನ ಕುರಾಶಿಕಿ ಪಟ್ಟಣದ ಓಹಾರಾ ಸಂಗ್ರಹಾಲಯದಲ್ಲಿದೆ. ಆ ಸಂಗ್ರಹಾಲಯವನ್ನು 1930ರಲ್ಲಿ ಕಟ್ಟಿಸಿದವನು ನೂಲಿನ ಗಿರಣಿಗಳ ಒಡೆಯ ಓಹಾರಾ ಮಾಗೊಸಾಬುರೊ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎರಡು ವರ್ಷಗಳಲ್ಲಿ ಏನಾಯಿತು ಎಂದು ತಿಳಿಯುತ್ತದೆ. ಮೊದಲನೆಯದರಲ್ಲಿ ಹೆಂಗಸರು ದೊಡ್ಡದಾಗಿ ಮುಂದೆ ನಿಂತಿದ್ದಾರೆ, ಕುಂಚ ಇನ್ನೂ ಹಳೆಯ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ. ಎರಡನೆಯದರಲ್ಲಿ ಬಯಲು ತೆರೆದುಕೊಂಡಿದೆ. ಮನುಷ್ಯರು, ಮರ, ಹುಲ್ಲು, ದೂರದ ಹೊಲ ಎಲ್ಲಕ್ಕೂ ಒಂದೇ ಅಳತೆಯ ಚುಕ್ಕಿ, ಒಂದೇ ಮಟ್ಟದ ಶ್ರದ್ಧೆ.

ಈ ಸಮಾನ ಶ್ರದ್ಧೆಯೇ ಈ ಚಿತ್ರದ ಹೃದಯ ಎಂದು ನನ್ನ ನಂಬಿಕೆ. ರೈತರನ್ನು ಬರೆದವನು ಎಂದ ಕೂಡಲೇ ಪಿಸಾರೊನನ್ನು ಜ್ಯಾಂ ಫ್ರಾಂಸ್ವಾ ಮಿಲೆಗೆ ಹೋಲಿಸುತ್ತಿದ್ದರು. ಮಿಲೆ 1857ರಲ್ಲಿ ಬರೆದ ‘ಹಕ್ಕಲಾಯುವವರು’ ನೆನಪಿಸಿಕೊಳ್ಳಿ: ಕುಯ್ಲಾದ ಹೊಲದಲ್ಲಿ ಮೂವರು ಹೆಂಗಸರು, ನೆಲದ ಬಣ್ಣಕ್ಕೇ ತಿರುಗಿದ ಬೆನ್ನುಗಳು. ಬಡತನಕ್ಕೊಂದು ಪವಿತ್ರ ಗಾಂಭೀರ್ಯ ಅಲ್ಲಿದೆ. ಪಿಸಾರೊಗೆ ಈ ಹೋಲಿಕೆ ಸರಿಬರಲಿಲ್ಲ. ಮಿಲೆ ಬೈಬಲ್ಲಿನ ಕಣ್ಣಿನಿಂದ ನೋಡಿದವನು, ನಾನು ಹುಟ್ಟಿನಿಂದ ಯಹೂದಿಯಾದರೂ ನನ್ನಲ್ಲಿ ಅದು ಅಷ್ಟಿಲ್ಲ ಎಂಬರ್ಥದ ಮಾತನ್ನು ಅವನು ಗೆಳೆಯನಿಗೆ ಬರೆದಿದ್ದ. 1889ರಲ್ಲಿ ಅವನೂ ‘ಹಕ್ಕಲಾಯುವವರು’ ಬರೆದ. ಅದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಅಲ್ಲಿಯೂ ಹೆಂಗಸರು ಬಗ್ಗಿದ್ದಾರೆ, ಆದರೆ ಅವರ ಬೆನ್ನಿನ ಮೇಲೆ ಮಧ್ಯಾಹ್ನದ ಎಲ್ಲ ಬಣ್ಣಗಳೂ ಇವೆ. ಯಾರೂ ನಮ್ಮ ಕರುಣೆ ಬೇಡುವುದಿಲ್ಲ.

ಇದರ ಹಿಂದೆ ರಾಜಕೀಯವೂ ಇತ್ತು. ಪಿಸಾರೊ ಅರಾಜಕತಾವಾದಿ, ಕ್ರೊಪೋತ್ಕಿನ್‌ನ ಬರಹಗಳನ್ನು ಓದುತ್ತಿದ್ದ, ಜ್ಯಾಂ ಗ್ರಾವ್ ನಡೆಸುತ್ತಿದ್ದ ‘ಲಾ ರೆವೋಲ್ತ್’ ಪತ್ರಿಕೆಗೆ ನೆರವಾಗುತ್ತಿದ್ದ. ಒಡೆಯನಿಲ್ಲದ ಊರು, ಹಂಚಿಕೊಂಡು ಮಾಡುವ ಕೆಲಸ, ಕೆಲಸದ ನಡುವೆ ಬಿಡುವು. ನಾರ್ಮಂಡಿಯ ಸೀಮೆಯಲ್ಲಿ ಸೈಡರ್ ಎಂಬ ಸೇಬಿನ ಮದ್ಯಕ್ಕಾಗಿ ಹಣ್ಣನ್ನು ಗಳದಿಂದ ಬಡಿದು ಉದುರಿಸಿ, ನೆಲದಿಂದ ಆಯ್ದು ಬುಟ್ಟಿ ತುಂಬುವುದು ನಿಜವಾಗಿ ನಡೆಯುತ್ತಿದ್ದ ಕ್ರಮ. ಮೇಸ್ತ್ರಿ ಇಲ್ಲ, ಧಣಿ ಇಲ್ಲ. ಒಬ್ಬರು ಬಡಿದರೆ ಉಳಿದವರು ಆಯುವರು. ಅವನು ಘೋಷಣೆ ಬರೆಯಲಿಲ್ಲ, ಅದರ ಬದಲು ಇದನ್ನು ಬರೆದ. ನಗರದ ಶೋಷಣೆಯನ್ನು ತೋರಿಸಬೇಕಾದಾಗ ಬೇರೆಯೇ ದಾರಿ ಹಿಡಿದ: 1889ರ ಕೊನೆಯ ಹೊತ್ತಿಗೆ ‘ತ್ಯುರ್ಪಿತ್ಯೂದ್ ಸೊಸಿಯಾಲ್’ ಎಂಬ ಕಪ್ಪು ಶಾಯಿಯ ಕಟು ರೇಖಾಚಿತ್ರಗಳ ಸಂಪುಟವನ್ನು ಸಿದ್ಧಪಡಿಸಿ ಲಂಡನ್ನಿನಲ್ಲಿದ್ದ ಸೋದರ ಸೊಸೆಯರಿಗೆ ಕಳಿಸಿದ.

ಆದರೆ ಚಿತ್ರಗಳು ಮಾರಾಟವಾಗಲಿಲ್ಲ. 1882ರ ಬ್ಯಾಂಕ್ ಕುಸಿತದಿಂದ ಡ್ಯೂರಾಂ ರುಯೆಲ್ ಮೊದಲೇ ನೆಲಕಚ್ಚಿದ್ದ, ಈಗ ಚುಕ್ಕಿಗಳನ್ನು ಕಂಡು ಮುಖ ತಿರುಗಿಸಿದ. ‘ನನ್ನ ಕಿಟಕಿಯಿಂದ ಕಂಡ ನೋಟ’ ಎಂಬ ಚಿತ್ರದ ಕತೆ ನೋಡಿ. ಎರಾನಿ ಮನೆಯ ಮೇಲಿನ ಕಿಟಕಿಯಿಂದ ಕಾಣುವ ಕೆಂಪು ಮಾಡು, ಕೋಳಿ ಓಡಾಡುವ ಹಿತ್ತಲು, ಅದರಾಚೆ ತೋಟ ಮತ್ತು ಹುಲ್ಲುಗಾವಲು. ಆ ಕೆಂಪು ಮಾಡೂ ಹಿತ್ತಲೂ ವ್ಯಾಪಾರಿಗೆ ಇಷ್ಟವಾಗಲಿಲ್ಲ. ಚಿತ್ರಕ್ಕೆ ಗುಣ ತಂದುಕೊಟ್ಟದ್ದೇ ಅವೆರಡು ಎಂದು ಪಿಸಾರೊ ಮಗನಿಗೆ ಬರೆದು ನೊಂದುಕೊಂಡ. 1888ರಲ್ಲಿ ಅದರ ಮೇಲೆ ಮತ್ತೆ ಕೆಲಸ ಮಾಡಿದ. ಇವತ್ತು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯಕ್ಕೆ ಹೋದರೆ ಆ ಕೆಂಪು ಮಾಡನ್ನು ನೋಡಬಹುದು.

ಈ ವಿಧಾನದಲ್ಲಿ ಚಿತ್ರ ಮುಗಿಯುವುದೂ ನಿಧಾನ. ಹಿಂದೆ ಬಯಲಿನಲ್ಲೇ ನಿಂತು ಬೇಗ ಬೇಗ ಬರೆಯುತ್ತಿದ್ದವನು ಈಗ ಹೊರಗೆ ಅಭ್ಯಾಸಚಿತ್ರ ಮಾಡಿಕೊಂಡು ಬಂದು, ಒಳಗೆ ಕೂತು ವಾರಗಟ್ಟಲೆ ಚುಕ್ಕಿ ಇಡಬೇಕಾಗಿತ್ತು. ಇದ್ದ ಬೆಲೆಯೂ ಇಳಿಯಿತು, ಮಾಡಿದ ಚಿತ್ರಗಳ ಸಂಖ್ಯೆಯೂ ಇಳಿಯಿತು. ಸಾಲದ ಮೇಲೆ ಸಾಲ. ಗಂಡ ಪ್ಯಾರಿಸ್ಸಿನಲ್ಲಿ ಗಿರಾಕಿ ಹುಡುಕಿ ಅಲೆಯುವಾಗ ಊರಿನ ಅಂಗಡಿಯವರಿಗೆ ಉತ್ತರ ಹೇಳಬೇಕಾದವಳು ಜೂಲಿ. ಆ ದಿನಗಳಲ್ಲಿ ನೆರವಿಗೆ ಬಂದವನು ವಿನ್ಸೆಂಟ್‌ನ ತಮ್ಮ ಥಿಯೋ ವಾನ್ ಗಾಗ್. ತಾನು ನೋಡಿಕೊಳ್ಳುತ್ತಿದ್ದ ಮಳಿಗೆಯಲ್ಲಿ ಪಿಸಾರೊನ ಚಿತ್ರಗಳನ್ನು ಇಟ್ಟ, ಕೊಂಡ, ಮಾರಿದ. ಎರಾನಿಯಲ್ಲಿ ಹುಲ್ಲು ಕೊಯ್ದು ಒಣಗಿಸುವ 1887ರ ಚುಕ್ಕಿಚಿತ್ರವೊಂದು ಈಗ ಆಮ್‌ಸ್ಟರ್‌ಡಾಮಿನ ವಾನ್ ಗಾಗ್ ಸಂಗ್ರಹಾಲಯದಲ್ಲಿದೆ. ವಿನ್ಸೆಂಟ್‌ಗೆ ಓವೆರ್ ಊರಿನ ಡಾಕ್ಟರ್ ಗಾಶೆಯನ್ನು ಸೂಚಿಸಿದವನೂ ಪಿಸಾರೊನೇ. 1891ರ ಜನವರಿಯಲ್ಲಿ ಥಿಯೋ ತೀರಿಕೊಂಡಾಗ ಆ ಆಸರೆಯೂ ಹೋಯಿತು.

ಯಾರಿಗೂ ಬೇಡವಾಗಿದ್ದ ಆ ಕಾಲದ ಚಿತ್ರಗಳಿಗೆ ಮುಂದೆ ಬಂದ ಬೆಲೆ, ಬಂದ ದುರ್ಗತಿ ಎರಡನ್ನೂ ಹೇಳಬೇಕು. 1887ರ ‘ಬಟಾಣಿ ಕೊಯ್ಲು’ ಜಲವರ್ಣದ ಜಾತಿಗೆ ಸೇರಿದ ಗುವಾಶ್‌ನಲ್ಲಿ ಮಾಡಿದ್ದು. ಸಿಮೊಂ ಬಾವರ್ ಎಂಬ ಯಹೂದಿ ಉದ್ಯಮಿಯ ಸಂಗ್ರಹದಲ್ಲಿತ್ತು. 1943ರಲ್ಲಿ ನಾಜಿಗಳೊಡನೆ ಕೈಜೋಡಿಸಿದ್ದ ವಿಶಿ ಸರ್ಕಾರ ಅವರ 93 ಚಿತ್ರಗಳನ್ನು ಕಿತ್ತುಕೊಂಡು ಮಾರಿತು. ಮರುವರ್ಷ ಅವರನ್ನು ದ್ರಾನ್ಸಿ ಶಿಬಿರಕ್ಕೆ ತಳ್ಳಲಾಯಿತು. ರೈಲ್ವೆ ಕೆಲಸಗಾರರ ಮುಷ್ಕರದಿಂದ ಸಾವಿನ ಶಿಬಿರಕ್ಕೆ ಹೋಗುವುದು ತಪ್ಪಿತು. ಯುದ್ಧ ಮುಗಿದ ಮೇಲೆ ತಮ್ಮ ಚಿತ್ರಗಳಲ್ಲಿ ಕೆಲವನ್ನಷ್ಟೇ ಮರಳಿ ಪಡೆದು 1947ರಲ್ಲಿ ಅವರು ತೀರಿಕೊಂಡರು. ‘ಬಟಾಣಿ ಕೊಯ್ಲು’ 1995ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 8 ಲಕ್ಷ ಡಾಲರಿಗೆ ಅಮೆರಿಕದ ದಂಪತಿಯೊಬ್ಬರ ಪಾಲಾಯಿತು. 2017ರಲ್ಲಿ ಅದನ್ನು ಪ್ಯಾರಿಸ್ಸಿನ ಮಾರ್ಮೊತಾಂ ಸಂಗ್ರಹಾಲಯದ ಪ್ರದರ್ಶನಕ್ಕೆ ಕೊಟ್ಟಾಗ ಬಾವರ್ ವಂಶಜರು ಗುರುತಿಸಿ ನ್ಯಾಯಾಲಯಕ್ಕೆ ಹೋದರು. ಲೂಟಿಯಾದ ಆಸ್ತಿಯ ಎಲ್ಲ ಮಾರಾಟಗಳೂ ಅಸಿಂಧು ಎಂಬ 1945ರ ಆದೇಶದ ಬಲದಿಂದ ಅವರಿಗೆ ಗೆಲುವಾಯಿತು, 2020ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಬಟಾಣಿ ಬಿಡಿಸುವ ನಾಲ್ಕಾರು ಹೆಂಗಸರ ಪುಟ್ಟ ಚಿತ್ರ ಇಷ್ಟೆಲ್ಲ ಕಂಡಿತು.

ಪಿಸಾರೊನ ಮನಸ್ಸಿನಲ್ಲಿ ಅನುಮಾನ ಹುಟ್ಟಿದ್ದು ಹಣಕ್ಕಾಗಿಯೇ ಅಲ್ಲ. ‘ಸೇಬಿನ ಸುಗ್ಗಿ’ ಬರೆದ 1888ರಲ್ಲೇ, ಸೆಪ್ಟೆಂಬರಿನ ಕಾಗದವೊಂದರಲ್ಲಿ, ಚುಕ್ಕಿಯಿಲ್ಲದೆ ಬಣ್ಣವನ್ನು ಒಡೆಯುವ ದಾರಿ ಯಾವುದೆಂದು ಸದಾ ಯೋಚಿಸುತ್ತಿದ್ದೇನೆ ಎಂದು ಲ್ಯೂಸಿಯಾಂಗೆ ಹೇಳಿಕೊಂಡಿದ್ದಾನೆ. ಅದೇ ಕಾಗದದಲ್ಲಿ ತೊಡಕು ಇನ್ನೂ ಬಿಚ್ಚಿಕೊಳ್ಳುತ್ತದೆ: ಚುಕ್ಕಿಯ ಶುದ್ಧತೆ ಬೇಕು, ಆದರೆ ಕಂಡ ಕ್ಷಣದ ತಾಜಾತನ, ಕೈಯ ಬಳುಕು, ಮೈಯ ತುಂಬುತನ ಕಳೆಯಬಾರದು, ಚುಕ್ಕಿ ತೆಳು, ಅದಕ್ಕೆ ಮೈಯಿಲ್ಲ. ಈ ಕಾಗದವನ್ನು ಓದಿಕೊಂಡು ‘ಸೇಬಿನ ಸುಗ್ಗಿ’ಗೆ ಹಿಂತಿರುಗಿದರೆ ಆ ಜಗ್ಗಾಟ ಅಲ್ಲೇ ಕಾಣುತ್ತದೆ. ಒಂದು ಸಿದ್ಧಾಂತದ ಉದಾಹರಣೆಯಾಗಿ ನೆಮ್ಮದಿಯಿಂದ ಕೂತ ಚಿತ್ರವಲ್ಲ ಅದು. ಗಳ ಎತ್ತಿದವನ ತೋಳಿನಲ್ಲಿ, ಬಗ್ಗಿದವಳ ಸೊಂಟದಲ್ಲಿ, ಚುಕ್ಕಿಗೆ ಒಪ್ಪದ ಭಾರವನ್ನು ಚುಕ್ಕಿಯಿಂದಲೇ ತರಲು ಅವನು ಹೆಣಗಿದ್ದಾನೆ. ಆ ಹೆಣಗಾಟ ನನಗೆ ಈ ಚಿತ್ರವನ್ನು ಪ್ರಿಯವಾಗಿಸಿದೆ.

ಅದೇ ಹೊತ್ತಿಗೆ ಕಣ್ಣೂ ಕೈಕೊಟ್ಟಿತು. ಕಂಬನಿಯ ನಾಳಕ್ಕೆ ಸೋಂಕು ತಗುಲಿ ಮತ್ತೆ ಮತ್ತೆ ಕೀವು ತುಂಬುತ್ತಿತ್ತು. ಗಾಳಿ ಧೂಳಿನಲ್ಲಿ ಹೊರಗೆ ನಿಲ್ಲುವಂತಿರಲಿಲ್ಲ. 1890ರ ಸುಮಾರಿಗೆ ಪಿಸಾರೊ ಚುಕ್ಕಿಯನ್ನು ಬಿಟ್ಟ. 1891ರ ಮಾರ್ಚ್ 29ರಂದು ಸ್ಯೂರಾ 31ನೇ ವಯಸ್ಸಿಗೇ ಸತ್ತ. ಅಂತ್ಯಸಂಸ್ಕಾರಕ್ಕೆ ಹೋಗಿಬಂದ ಪಿಸಾರೊ, ಪಾಯಿಂಟಿಲಿಸಂ ಇಲ್ಲಿಗೆ ಮುಗಿಯಿತು, ಆದರೆ ಅದರಿಂದ ಮುಂದೆ ಕಲೆಗೆ ದೊಡ್ಡ ಪರಿಣಾಮಗಳಾಗುತ್ತವೆ ಎಂಬರ್ಥದಲ್ಲಿ ಮಗನಿಗೆ ಬರೆದ. ಆ ಬಳಗದ ಚಿತ್ರಗಳಲ್ಲಿ ಕೆಲವು ಅಷ್ಟರಲ್ಲೇ ಬಾಡತೊಡಗಿದ್ದವು. ‘ಗ್ರಾಂದ್ ಜಾತ್’ನಲ್ಲಿ ಬಿಸಿಲನ್ನು ಸೂಚಿಸುತ್ತಿದ್ದ ಕಿತ್ತಳೆ ಚುಕ್ಕಿಗಳು ಈಗ ತೂತುಗಳಂತೆ ಕಾಣುತ್ತವೆ ಎಂದು 1892ರಲ್ಲಿ ಫೆನೆಯೋಂ ಮರುಗಿದ. ಅಲ್ಲಿ ಬಳಸಿದ್ದ ಸತುವಿನ ಹಳದಿ ಕಂದಿತ್ತು. ಬೆಳಕಿನ ಲೆಕ್ಕ ಸರಿಯಿತ್ತು, ಬಣ್ಣದ ಪುಡಿ ಮೋಸ ಮಾಡಿತು.

1892ರಲ್ಲಿ ಡ್ಯೂರಾಂ ರುಯೆಲ್ ಏರ್ಪಡಿಸಿದ ದೊಡ್ಡ ಪ್ರದರ್ಶನದಿಂದ ಪಿಸಾರೊನ ಕೈಗೆ ಕೊನೆಗೂ ಹಣ ಬಂತು. ಅದೇ ವರ್ಷ ಎರಾನಿ ಮನೆಯ ಒಡೆಯ ಮಾರಲು ಹೊರಟ. ಪಿಸಾರೊ ಲಂಡನ್ನಿನಲ್ಲಿದ್ದಾಗ ಜೂಲಿಯೇ ಹೋಗಿ ಮೊನೆಯ ಹತ್ತಿರ ಸಾಲ ಕೇಳಿದಳು. 15,000 ಫ್ರಾಂಕ್ ಸಿಕ್ಕಿತು, ಮನೆ ಅವರದಾಯಿತು. ಮರುವರ್ಷ ಅಲ್ಲಿನ ಕೊಟ್ಟಿಗೆಯನ್ನು ಚಿತ್ರಶಾಲೆ ಮಾಡಿಕೊಂಡು, ನೋಯುವ ಕಣ್ಣನ್ನು ಗಾಳಿಗೊಡ್ಡದೆ ಕಿಟಕಿಯ ಒಳಗಿನಿಂದಲೇ ಆ ಬಯಲನ್ನು ಬರೆದ. ಈ ಕೊನೆಯ ಹತ್ತು ವರ್ಷಗಳ ಚಿತ್ರಗಳಲ್ಲಿ ಚುಕ್ಕಿಯ ಶಿಸ್ತು ಇಲ್ಲ, ಕುಂಚ ಮತ್ತೆ ಸಡಿಲವಾಗಿದೆ. ಆದರೆ ನೆರಳು ಮತ್ತೆ ಕಂದು ಬಣ್ಣಕ್ಕೆ ಮರಳಲಿಲ್ಲ. ಒಂದು ಹಸಿರಿನೊಳಗೆ ಹತ್ತು ಬಣ್ಣ ಇಡುವ ಕೈಯ ಅಭ್ಯಾಸ ಹೋಗಲಿಲ್ಲ. ದಾರಿ ತಪ್ಪಿದ ವರ್ಷಗಳು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಸ್ಯೂರಾನ ಸಾವಿನ ವಾರದಲ್ಲಿ ಪಿಸಾರೊ ನುಡಿದ ಭವಿಷ್ಯ ನಿಜವಾಯಿತು. 1897ರಲ್ಲಿ ಆನ್ರಿ ಮತೀಸ್ ಎಂಬ ತರುಣ ಅವನನ್ನು ಕಾಣಲು ಬಂದಿದ್ದ. ಆಮೇಲೂ ಬಂದು ಹೋಗಿ ಮಾಡುತ್ತಿದ್ದ. 1904ರ ಬೇಸಿಗೆಯಲ್ಲಿ ಅದೇ ಮತೀಸ್ ಸೇಂಟ್ ತ್ರೋಪೆಯಲ್ಲಿ ಸಿನ್ಯಾಕ್‌ನ ನೆರೆಯಲ್ಲಿ ಉಳಿದು ಚುಕ್ಕಿಗಳನ್ನು ಕಲಿತ. ಅವನ್ನು ದೊಡ್ಡದು ಮಾಡಿದ, ಬಿಡಿಬಿಡಿಯಾಗಿ ಇಟ್ಟ. ಮರುವರ್ಷ ಅವನೂ ಅವನ ಗೆಳೆಯರೂ ಕೆಂಪು, ಹಸಿರು, ಕಿತ್ತಳೆಗಳನ್ನು ಯಾವ ಲೆಕ್ಕಕ್ಕೂ ಕಟ್ಟುಬೀಳದೆ ಹಚ್ಚಿದ ಚಿತ್ರಗಳನ್ನು ಪ್ಯಾರಿಸ್ಸಿನಲ್ಲಿ ತೂಗುಹಾಕಿದರು, ಫೋವ್‌ಗಳು, ಅಂದರೆ ಕಾಡುಮೃಗಗಳು, ಎಂದು ಬೈಸಿಕೊಂಡರು. ಮತೀಸ್ ಸೇಂಟ್ ತ್ರೋಪೆಗೆ ಹೊರಟಾಗ ಪಿಸಾರೊ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.